ಕನ್ನಡಕ ಮಾಡಿಸುವ ಮುಂಚೆ, ಮಾಡಿಸಿದ ಮೇಲೆ: ಮಲೆನಾಡಿನವರಿಗೊಂದು ಮಾರ್ಗದರ್ಶಿ

ಹೊಸ ಕನ್ನಡಕ ಹಾಕಿದರೆ ನೆಲ ವಾಲಿದ ಹಾಗೆ ಕಾಣುತ್ತದೆ, ನಂಬರು ತಪ್ಪಾಗಿದೆಯೇ? ಎರಡು ಕಡೆ ಪರೀಕ್ಷೆ ಮಾಡಿಸಿದರೆ ಎರಡು ನಂಬರು ಬಂತು, ಯಾವುದು ಸರಿ? ಮಗುವಿಗೆ ಈಗಲೇ ಕನ್ನಡಕ ಹಾಕಿಸಿದರೆ ನಂಬರು ಏರುತ್ತಾ ಹೋಗುತ್ತದೆಯೇ? ಮಳೆಗಾಲದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಬಹುದೇ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು.

ಕನ್ನಡಕ ಒಗ್ಗದೇ ಹೋದಾಗ ಎಲ್ಲರೂ ಮೊದಲು ಬೈಯುವುದು ನಂಬರನ್ನು. ಆದರೆ ನಂಬರು ಸರಿಯಾಗಿದ್ದೂ ಅಳತೆ ತಪ್ಪಿದ, ಫ್ರೇಮು ವಾಲಿದ, ಕೆಲಸದ ದೂರ ಹೇಳದೇ ಹೋದ ಕನ್ನಡಕಗಳು ಬೇಕಾದಷ್ಟಿವೆ. ಇವನ್ನೆಲ್ಲ ನೀವೇ ಕೇಳಿ, ನೋಡಿ ಸರಿಪಡಿಸಿಕೊಳ್ಳಬಹುದು. ಹೇಗೆಂದು ಹಂತ ಹಂತವಾಗಿ ನೋಡೋಣ.

1. ಪರೀಕ್ಷೆಗೆ ಹೋಗುವ ಮುಂಚೆ

ಹಳೆಯ ಕನ್ನಡಕ, ಹಳೆಯ ಚೀಟಿ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ, ಈ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹಳೆಯ ಕನ್ನಡಕ ಮುರಿದಿದ್ದರೂ ತೆಗೆದುಕೊಂಡು ಹೋಗಿ. ಗಾಜು ಉಳಿದಿದ್ದರೆ ಅದರ ನಂಬರನ್ನು ಲೆನ್ಸೋಮೀಟರ್ ಎಂಬ ಯಂತ್ರದಲ್ಲಿಟ್ಟು ಓದಬಹುದು.

ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಹಿಡಿತದಲ್ಲಿದ್ದಾಗ ಮಾತ್ರ ಕನ್ನಡಕದ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣೊಳಗಿನ ಮಸೂರ ನೀರು ಹೀರಿ ಉಬ್ಬುತ್ತದೆ, ಅದರೊಂದಿಗೆ ನಂಬರೂ ಬದಲಾಗುತ್ತದೆ. ಸಕ್ಕರೆ 300 ಇದ್ದ ವಾರ ಮಾಡಿಸಿದ ಕನ್ನಡಕ, ಮಾತ್ರೆ ಹಿಡಿದು ಸಕ್ಕರೆ ಇಳಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಸಕ್ಕರೆ ಒಂದು ಮಟ್ಟಕ್ಕೆ ಬಂದು ಕೆಲವು ವಾರ ಅಲ್ಲೇ ನಿಂತ ಮೇಲೆ ಹೋಗಿ.

40 ದಾಟಿದವರು, ಸಕ್ಕರೆ ಕಾಯಿಲೆಯವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು ಕನ್ನಡಕದ ಅಂಗಡಿಯ ಪರೀಕ್ಷೆಯೊಂದನ್ನೇ ನಂಬಬಾರದು. ಗ್ಲಾಕೋಮಾ ಎಂದರೆ ಕಣ್ಣಿನ ನರ ಸದ್ದಿಲ್ಲದೆ ಸವೆಯುವ ಕಾಯಿಲೆ. ಹಲವರಲ್ಲಿ ಕಣ್ಣಿನ ಒತ್ತಡ ಏರಿರುತ್ತದೆ, ಆದರೆ ನೋವಾಗಲಿ ಕೆಂಪಾಗಲಿ ಇರುವುದಿಲ್ಲ. ಅಂಗಡಿಯಲ್ಲಿ ನಂಬರು ಸಿಗುತ್ತದೆಯೇ ಹೊರತು ಒತ್ತಡ, ನರ, ರೆಟಿನಾದ ತಪಾಸಣೆ ಸಿಗುವುದಿಲ್ಲ. ರೆಟಿನಾ ಎಂದರೆ ಕಣ್ಣಿನ ಹಿಂಭಾಗದಲ್ಲಿ ಬಿಂಬ ಮೂಡುವ ಪದರ. ಇದಕ್ಕೆ ನೇತ್ರವೈದ್ಯರ ಬಳಿಯೇ ಹೋಗಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ನೇತ್ರ ವಿಭಾಗವಿದೆ. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು.

ಅಲ್ಲಿ ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಅದಾದ ಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಬೈಕಿನಲ್ಲಿ ಹೋಗಬೇಡಿ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವವರು ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸಿಗೆ ಬನ್ನಿ.

2. ಪರೀಕ್ಷೆಯ ಹೊತ್ತಿನಲ್ಲಿ

ಮೊದಲು ಗದ್ದ ಇಟ್ಟು ಕೂರಿಸಿ, ಒಳಗೆ ಬಲೂನಿನದೋ ಮನೆಯದೋ ಚಿತ್ರ ತೋರಿಸುವ ಯಂತ್ರ ಇರುತ್ತದಲ್ಲ, ಅದು ಆಟೋರಿಫ್ರಾಕ್ಟರ್. ಅದು ಕೊಡುವುದು ಅಂದಾಜು ಮಾತ್ರ. ಅಲ್ಲಿ ಬಂದ ಚೀಟಿಯಿಂದಲೇ ನೇರವಾಗಿ ಕನ್ನಡಕ ಮಾಡಿಕೊಡುತ್ತೇವೆಂದರೆ ಒಪ್ಪಬೇಡಿ. ಅದಾದ ಮೇಲೆ ಪರೀಕ್ಷೆಯ ಫ್ರೇಮು ಹಾಕಿ, ಒಂದೊಂದೇ ಗಾಜು ಬದಲಿಸಿ, ಅಕ್ಷರ ಓದಿಸಿ ನಂಬರು ನಿಗದಿ ಮಾಡಬೇಕು. ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ, ಕೊನೆಗೆ ಒಟ್ಟಿಗೆ.

"ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಎಂದು ಕೇಳಿದಾಗ ಎರಡೂ ಒಂದೇ ಥರ ಕಂಡರೆ ಹಾಗೆಯೇ ಹೇಳಿ. ಅದೂ ಸರಿಯಾದ ಉತ್ತರವೇ. ಅಕ್ಷರ ಸ್ಪಷ್ಟವಾದರೆ ಸಾಕು, ಹೆಚ್ಚು ಕಪ್ಪಾಗಿ, ಚಿಕ್ಕದಾಗಿ ಕಾಣುವ ಗಾಜನ್ನು ಆರಿಸಬೇಡಿ. ಮೈನಸ್ ನಂಬರು ಅಗತ್ಯಕ್ಕಿಂತ ಹೆಚ್ಚಾದಾಗ ಅಕ್ಷರ ಹಾಗೆ ಕಾಣುತ್ತದೆ, ಆಮೇಲೆ ತಲೆನೋವು ಬರುತ್ತದೆ. ಕಣ್ಣು ಕಿರಿದು ಮಾಡಿ ಓದಲೂಬೇಡಿ.

ಇನ್ನು, ಬಹಳ ಜನ ಬಿಟ್ಟುಬಿಡುವ ಒಂದು ಮಾತು: ನೀವು ಏನು ಕೆಲಸ ಮಾಡುತ್ತೀರಿ, ಆ ಕೆಲಸ ಕಣ್ಣಿನಿಂದ ಎಷ್ಟು ದೂರದಲ್ಲಿರುತ್ತದೆ ಎಂಬುದನ್ನು ಹೇಳಿ. ಓದುವ ನಂಬರನ್ನು ಸಾಮಾನ್ಯವಾಗಿ 33ರಿಂದ 40 ಸೆಂಟಿಮೀಟರಿಗೆ, ಅಂದರೆ ಪುಸ್ತಕ ಹಿಡಿಯುವ ದೂರಕ್ಕೆ, ಲೆಕ್ಕ ಹಾಕುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೆ, ಕಂಪ್ಯೂಟರ್ ನೋಡುವವರಿಗೆ ಕೆಲಸ ಇರುವುದು 50ರಿಂದ 60 ಸೆಂಟಿಮೀಟರಿನಲ್ಲಿ. ಓದುವ ನಂಬರು ಹಾಕಿಕೊಂಡರೆ ಅವರು ಬಗ್ಗಿ ಬಗ್ಗಿ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ಆ ದೂರವನ್ನು ಮನೆಯಲ್ಲೇ ಟೇಪಿನಲ್ಲಿ ಅಳೆದುಕೊಂಡು ಹೋಗಿ ಹೇಳಿದರೆ ಅದಕ್ಕೆ ತಕ್ಕ, ಸ್ವಲ್ಪ ಕಡಿಮೆ ನಂಬರು ಕೊಡುತ್ತಾರೆ.

ಮಕ್ಕಳ ವಿಷಯ ಬೇರೆ. ಅವರ ಕಣ್ಣಿನ ಸ್ನಾಯು ಬಲವಾಗಿರುವುದರಿಂದ ಪರೀಕ್ಷೆಯ ಹೊತ್ತಿನಲ್ಲೂ ಅದು ಬಿಗಿಹಿಡಿದು ಸುಳ್ಳು ನಂಬರು ತೋರಿಸುತ್ತದೆ. ಅದನ್ನು ಸಡಿಲಗೊಳಿಸಲು ಸೈಕ್ಲೋಪೆಂಟೋಲೇಟ್ ಅಥವಾ ಹೋಮಾಟ್ರೋಪಿನ್ ಹನಿ ಹಾಕುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಮೂರು ದಿನ ಹಚ್ಚಲು ಅಟ್ರೋಪಿನ್ ಮುಲಾಮು ಕೊಡುವುದೂ ಉಂಟು. ಅಟ್ರೋಪಿನ್ ಹಾಕಿದ ಕಣ್ಣು ಒಂದೆರಡು ವಾರ ಮಂಜಾಗಿರಬಹುದು, ಗಾಬರಿ ಬೇಡ. ಆದರೆ ಮುಖ ಕೆಂಪಾಗಿ ಜ್ವರ ಬಂದರೆ, ಮಗು ಬಡಬಡಿಸಿದರೆ ಮುಲಾಮು ನಿಲ್ಲಿಸಿ ಕೂಡಲೇ ವೈದ್ಯರಿಗೆ ತೋರಿಸಿ.

ಕನ್ನಡಕ ಹಾಕಿಸಿದ್ದಕ್ಕೆ ನಂಬರು ಏರುವುದಿಲ್ಲ. ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಉದ್ದವಾಗುತ್ತದೆ, ಮೈನಸ್ ಏರುವುದು ಅದರಿಂದ. ಕನ್ನಡಕ ಹಾಕಿಸದೇ ಬಿಟ್ಟರೆ ಆಗುವ ನಷ್ಟ ದೊಡ್ಡದು. ಒಂದು ಕಣ್ಣು ಮಂಜಾಗಿಯೇ ಉಳಿದರೆ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಏಳೆಂಟು ವರ್ಷದೊಳಗೆ ಹಿಡಿದರೆ ಚೆನ್ನಾಗಿ ಸರಿಯಾಗುತ್ತದೆ, ತಡವಾದಷ್ಟೂ ಕಷ್ಟ. ಆದ್ದರಿಂದ ಒಂದನೇ ತರಗತಿಗೆ ಸೇರಿಸುವ ಮುಂಚೆ ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಿಸಿ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ವ್ಯವಸ್ಥೆಯಿದೆ. ಶಾಲೆಯಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ವಿಚಾರಿಸಿ. ದಿನಕ್ಕೆ ಎರಡು ಗಂಟೆ ಮನೆಯ ಹೊರಗೆ, ಹಗಲು ಬೆಳಕಿನಲ್ಲಿ ಆಡುವ ಮಕ್ಕಳಿಗೆ ಮೈನಸ್ ನಂಬರು ಬರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

3. ಚೀಟಿ ಓದುವುದು

ಪರೀಕ್ಷೆ ಮುಗಿದ ಮೇಲೆ ಚೀಟಿ ಕೇಳಿ ಪಡೆಯಿರಿ. ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆಯ ಚೀಟಿ ನಿಮ್ಮದು. ಅಲ್ಲೇ ಕನ್ನಡಕ ಕೊಂಡರೂ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಆರ್‌ಇ ಅಥವಾ ಓಡಿ ಎಂದಿದ್ದರೆ ಬಲಗಣ್ಣು. ಎಲ್‌ಇ ಅಥವಾ ಓಎಸ್ ಎಂದಿದ್ದರೆ ಎಡಗಣ್ಣು. ಎಸ್‌ಪಿಎಚ್ ಎಂದರೆ ಮುಖ್ಯ ನಂಬರು: ಮೈನಸ್ ಇದ್ದರೆ ದೂರದ್ದು ಮಂಜು, ಪ್ಲಸ್ ಇದ್ದರೆ ಕಣ್ಣು ದೂರಕ್ಕೂ ಹತ್ತಿರಕ್ಕೂ ಶ್ರಮ ಪಡುತ್ತಿದೆ ಎಂದರ್ಥ. ಇದು 0.25ರ ಮೆಟ್ಟಿಲಿನಲ್ಲಿ ಏರುತ್ತದೆ. ಸಿವೈಎಲ್ ಎಂದರೆ ಸಿಲಿಂಡರ್ ನಂಬರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿಗೆ ಹೆಚ್ಚು ಬಾಗಿದ್ದರೆ ಇದು ಬೇಕು. ಆಕ್ಸಿಸ್ ಎಂದರೆ ಆ ಸಿಲಿಂಡರನ್ನು ಯಾವ ಕೋನದಲ್ಲಿ ಕೂರಿಸಬೇಕೆಂಬುದು, 1ರಿಂದ 180ರವರೆಗೆ. ಸಿಲಿಂಡರ್ ಇಲ್ಲದಿದ್ದರೆ ಆಕ್ಸಿಸ್ ಇರುವುದಿಲ್ಲ. ಆಡ್ ಎಂದರೆ ಚಾಳೀಸಿನ ನಂಬರು, ಅಂದರೆ ದೂರದ ನಂಬರಿಗೆ ಓದಲು ಸೇರಿಸಬೇಕಾದ ಪ್ಲಸ್. ಇದು 40ರ ಹರೆಯದ ಮಧ್ಯದಲ್ಲಿ +1.00ರ ಆಸುಪಾಸಿನಲ್ಲಿ ಶುರುವಾಗಿ, 60ರ ಹೊತ್ತಿಗೆ +2.50ರ ಹತ್ತಿರ ಬಂದು ನಿಲ್ಲುತ್ತದೆ.

ಎರಡು ಕಡೆ ಎರಡು ನಂಬರು ಬಂತೆಂಬ ದೂರಿಗೆ ಉತ್ತರ ಇಲ್ಲಿದೆ. ಒಂದು ಚೀಟಿಯಲ್ಲಿ ಬಲಗಣ್ಣಿಗೆ −1.00, ಸಿಲಿಂಡರ್ −0.50, ಆಕ್ಸಿಸ್ 180 ಎಂದಿದೆ. ಇನ್ನೊಂದರಲ್ಲಿ −1.50, ಸಿಲಿಂಡರ್ +0.50, ಆಕ್ಸಿಸ್ 90 ಎಂದಿದೆ. ನೋಡಲು ಬೇರೆ, ಆದರೆ ಎರಡೂ ಒಂದೇ ಗಾಜು. ಕೆಲವರು ಸಿಲಿಂಡರನ್ನು ಮೈನಸ್‌ನಲ್ಲಿ ಬರೆಯುತ್ತಾರೆ, ಕೆಲವರು ಪ್ಲಸ್‌ನಲ್ಲಿ. ಹೋಲಿಸುವ ರೀತಿ ಹೀಗೆ: ಮೊದಲು ಎಸ್‌ಪಿಎಚ್ ಮತ್ತು ಸಿವೈಎಲ್ ಕೂಡಿಸಿ, ಬಂದದ್ದು ಹೊಸ ಎಸ್‌ಪಿಎಚ್. ಆಮೇಲೆ ಸಿವೈಎಲ್‌ನ ಚಿಹ್ನೆ ಬದಲಿಸಿ. ಕೊನೆಗೆ ಆಕ್ಸಿಸ್ 90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 90 ಕೂಡಿಸಿ, ಹೆಚ್ಚಿದ್ದರೆ 90 ಕಳೆಯಿರಿ. ಇಷ್ಟು ಮಾಡಿದ ಮೇಲೂ 0.25ರ ವ್ಯತ್ಯಾಸ ಉಳಿದರೆ ಅದು ಸಹಜ. 0.75 ಅಥವಾ ಹೆಚ್ಚು ಉಳಿದರೆ ಮೂರನೇ ಪರೀಕ್ಷೆ ಮಾಡಿಸುವುದು ನ್ಯಾಯ.

ಚೀಟಿಯಲ್ಲಿ ಪ್ಲಸ್, ಮೈನಸ್ ಚಿಹ್ನೆ ಸ್ಪಷ್ಟವಾಗಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಕೈಬರಹದ ಚೀಟಿಯಲ್ಲಿ ಒಂದು ಗೀಟು ಅಳಿಸಿದರೂ ಗಾಜು ಪೂರ್ತಿ ಉಲ್ಟಾ ಆಗುತ್ತದೆ.

4. ಪಿಡಿ ಅಳತೆ

ಎರಡು ಪಾಪೆಗಳ ನಡುವಿನ ದೂರಕ್ಕೆ ಪಿಡಿ ಎನ್ನುತ್ತಾರೆ. ದೊಡ್ಡವರಲ್ಲಿ ಸುಮಾರು 54ರಿಂದ 74 ಮಿಲಿಮೀಟರ್, ಹೆಚ್ಚಿನವರಿಗೆ 60ರ ಮೇಲೆ ಒಂದೆರಡು. ಗಾಜಿನ ನಡುಬಿಂದು ನಿಮ್ಮ ಪಾಪೆಯ ಎದುರಿಗೇ ಬರಬೇಕು. ಬೇರೆ ಕಡೆ ಬಂದರೆ ಗಾಜು ಬೆಳಕನ್ನು ಪಕ್ಕಕ್ಕೆ ಬಗ್ಗಿಸುತ್ತದೆ, ಕಣ್ಣುಗಳು ದಿನವಿಡೀ ಅದನ್ನು ಸರಿದೂಗಿಸುತ್ತಾ ಸುಸ್ತಾಗುತ್ತವೆ. −1.00 ನಂಬರಿಗೆ 2 ಮಿಲಿಮೀಟರ್ ತಪ್ಪಿದರೆ ಗೊತ್ತೇ ಆಗದು. −6.00 ಇರುವವರಿಗೆ ಅದೇ 2 ಮಿಲಿಮೀಟರ್ ತಲೆನೋವು ತರಬಹುದು. ನಂಬರು ಹೆಚ್ಚಿದಷ್ಟೂ ಪಿಡಿ ಮುಖ್ಯ.

ಅಂಗಡಿಯಲ್ಲಿ ಅಳೆಯದೆ "ಅಂದಾಜು ಹಾಕುತ್ತೇವೆ ಬಿಡಿ" ಎಂದರೆ ಬಿಡಬೇಡಿ. ಆನ್‌ಲೈನಿನಲ್ಲಿ ತರಿಸುವವರಂತೂ ಮನೆಯಲ್ಲೇ ಅಳೆದುಕೊಳ್ಳಬೇಕು. ಅದಕ್ಕೆ ಮಿಲಿಮೀಟರ್ ಗೆರೆ ಇರುವ ಒಂದು ಸ್ಕೇಲು, ಇನ್ನೊಬ್ಬರ ಸಹಾಯ, ಕಿಟಕಿಯ ಬೆಳಕು ಇದ್ದರೆ ಸಾಕು:

ಅಳೆಯುವವರು ನಿಮ್ಮೆದುರು 40 ಸೆಂಟಿಮೀಟರ್ ದೂರದಲ್ಲಿ, ಮುಖಕ್ಕೆ ಮುಖ ಸಮನಾಗಿ ಕೂರಲಿ. ಸ್ಕೇಲನ್ನು ನಿಮ್ಮ ಮೂಗಿನ ಮೇಲೆ ಅಡ್ಡ ಇಡಲಿ. ಅವರು ತಮ್ಮ ಬಲಗಣ್ಣು ಮುಚ್ಚಲಿ, ನೀವು ಅವರ ತೆರೆದ ಎಡಗಣ್ಣನ್ನೇ ನೋಡಿ. ಈಗ ಸೊನ್ನೆಯ ಗೆರೆ ನಿಮ್ಮ ಬಲಪಾಪೆಯ ನಡುವಿಗೆ ಬರಬೇಕು. ಸ್ಕೇಲು ಅಲುಗಿಸದೆ ಅವರು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಲಿ, ನೀವು ಆ ಬಲಗಣ್ಣನ್ನು ನೋಡಿ. ನಿಮ್ಮ ಎಡಪಾಪೆಯ ನಡುವಿಗೆ ಬಂದ ಗೆರೆಯೇ ದೂರದ ಪಿಡಿ. ಮೂರು ಸಲ ಅಳೆದು ಹೆಚ್ಚು ಬಾರಿ ಬಂದದ್ದನ್ನು ಬರೆದುಕೊಳ್ಳಿ. ಓದಲಿಕ್ಕೆ ಮಾತ್ರ ಮಾಡಿಸುವ ಕನ್ನಡಕಕ್ಕೆ ಇದರಲ್ಲಿ ಸುಮಾರು 3 ಮಿಲಿಮೀಟರ್ ಕಳೆಯಬೇಕು, ಏಕೆಂದರೆ ಹತ್ತಿರ ನೋಡುವಾಗ ಕಣ್ಣು ಒಳಗೆ ತಿರುಗುತ್ತವೆ.

ಪ್ರೊಗ್ರೆಸಿವ್ ಗಾಜಿಗೆ ಈ ಮನೆ ಅಳತೆ ಸಾಲದು. ಮೇಲೆ ದೂರದ ನಂಬರು, ಕೆಳಗೆ ಓದುವ ನಂಬರು ಗೆರೆಯಿಲ್ಲದೆ ಕೂಡಿಕೊಂಡಿರುವ ಗಾಜದು. ಅದಕ್ಕೆ ಒಂದೊಂದು ಕಣ್ಣಿಗೂ ಬೇರೆ ಪಿಡಿ ಬೇಕು. ಫ್ರೇಮು ಮುಖದ ಮೇಲೆ ಕೂತ ಮೇಲೆ ಅದರ ಕೆಳಅಂಚಿನಿಂದ ಪಾಪೆಯವರೆಗಿನ ಎತ್ತರವೂ ಬೇಕು. ಅದನ್ನು ಆನ್‌ಲೈನಿನಲ್ಲಿ ತರಿಸಬೇಡಿ ಎಂದೇ ನಮ್ಮ ಸಲಹೆ.

5. ಫ್ರೇಮು ಮತ್ತು ಗಾಜು

ಕಡ್ಡಿಯ ಒಳಮೈ ನೋಡಿ, 52-18-140 ಎಂಬಂಥ ಸಂಖ್ಯೆ ಇರುತ್ತದೆ. ಒಂದು ಗಾಜಿನ ಅಗಲ 52, ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140 ಮಿಲಿಮೀಟರ್ ಎಂದರ್ಥ. ಈಗಿನ ಕನ್ನಡಕ ಹಿತವಾಗಿದ್ದರೆ ಇದನ್ನು ಬರೆದಿಟ್ಟುಕೊಂಡು ಅದರ ಆಸುಪಾಸಿನ ಫ್ರೇಮನ್ನೇ ಆರಿಸಿ. ಮೈನಸ್ ನಂಬರು ಜಾಸ್ತಿ ಇರುವವರು ದೊಡ್ಡ ಫ್ರೇಮು ತೆಗೆದುಕೊಂಡರೆ ಅಂಚು ದಪ್ಪವಾಗುತ್ತದೆ.

ಗಾಜು ಎನ್ನುತ್ತೇವಾದರೂ ಈಗ ಹೆಚ್ಚಿನವು ಪ್ಲಾಸ್ಟಿಕ್. ಸಾಮಾನ್ಯವಾದದ್ದು ಸಿಆರ್-39, ಅದರ ಇಂಡೆಕ್ಸ್, ಅಂದರೆ ಬೆಳಕನ್ನು ಬಗ್ಗಿಸುವ ಶಕ್ತಿ, 1.50. ಇಂಡೆಕ್ಸ್ ಏರಿದಂತೆ ಗಾಜು ತೆಳ್ಳಗಾಗುತ್ತದೆ, ಬೆಲೆ ಏರುತ್ತದೆ. 3.00ರವರೆಗೆ 1.50 ಅಥವಾ 1.56 ಸಾಕು, ಅಲ್ಲಿಂದ 6.00ರವರೆಗೆ 1.61, ಅದರ ಮೇಲೆ 1.67 ನೋಡಿ. ಮಕ್ಕಳಿಗೆ, ತೋಟದಲ್ಲಿ ಕೆಲಸ ಮಾಡುವವರಿಗೆ, ಒಂದೇ ಕಣ್ಣು ಕಾಣುವವರಿಗೆ ಮಾತ್ರ ಪಾಲಿಕಾರ್ಬೊನೇಟ್ ಆಗಲೇಬೇಕು. ಪೆಟ್ಟು ಬಿದ್ದರೆ ಅದು ಸುಲಭಕ್ಕೆ ಒಡೆಯುವುದಿಲ್ಲ. ನಿಜವಾದ ಗಾಜಿನ ಲೆನ್ಸ್ ಒಡೆದರೆ ಚೂರು ನೇರ ಕಣ್ಣಿಗೇ ಹೋಗುತ್ತದೆ.

ಪ್ರತಿಫಲನ ತಡೆಯುವ ಎಆರ್‌ಸಿ ಲೇಪನ ಉಪಯುಕ್ತ. ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸುವವರಿಗೆ ಎದುರಿನ ಲೈಟಿನ ಪ್ರಭೆ ಕಡಿಮೆಯಾಗುತ್ತದೆ. ನೀಲಿ ಬೆಳಕು ತಡೆಯುವ ಲೇಪನಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಆ ಬಗೆಯ ಗಾಜಿನಿಂದ ಕಂಪ್ಯೂಟರ್ ನೋಡುವವರ ಕಣ್ಣಿನ ಆಯಾಸ ಬಹುಶಃ ಕಡಿಮೆಯಾಗುವುದಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದೆ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದನ್ನೇ ಮರೆಯುತ್ತೇವೆ. ಉರಿ ಮುಖ್ಯವಾಗಿ ಅದರಿಂದ ಬರುತ್ತದೆ.

ಬೈಫೋಕಲ್, ಪ್ರೊಗ್ರೆಸಿವ್ ಹಾಕುವ ಹಿರಿಯರಿಗೆ ಒಂದು ಎಚ್ಚರಿಕೆ. ಈ ಗಾಜಿನ ಕೆಳಭಾಗ ಓದಲು ಮಾಡಿದ್ದು, ಅದರ ಮೂಲಕ ಕಾಲಬುಡ ನೋಡಿದರೆ ನೆಲ ಮಂಜಾಗಿ, ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಪಟ್ಟಣದ ಫುಟ್‌ಪಾತಿನಲ್ಲಿ ನಡೆದೀತು. ಜಾರುವ ಕಲ್ಲುಮೆಟ್ಟಿಲು, ತೋಟದ ಕಪ್ಪು (ಬಸಿಗಾಲುವೆ), ಹಳ್ಳದ ಮೇಲಿನ ಕಾಲುಸಂಕ ದಾಟುವವರಿಗೆ ಇದರಿಂದ ಬೀಳುವ ಅಪಾಯವಿದೆ. ತೋಟ ತಿರುಗಲು ದೂರದ ನಂಬರು ಮಾತ್ರ ಇರುವ ಇನ್ನೊಂದು ಅಗ್ಗದ ಕನ್ನಡಕ ಮಾಡಿಸಿಕೊಳ್ಳಿ.

6. ಕನ್ನಡಕ ಕೈಗೆ ಬಂದಾಗ

ಹಾಕಿಕೊಂಡು ಕನ್ನಡಿ ನೋಡಿ ಹೊರಟುಬಿಡಬೇಡಿ. ಲೆನ್ಸೋಮೀಟರಿನಲ್ಲಿಟ್ಟು ನಿಮ್ಮೆದುರೇ ನಂಬರು ಓದಲು ಹೇಳಿ, ಚೀಟಿಯೊಂದಿಗೆ ತಾಳೆ ನೋಡಿ. ಎರಡು ನಿಮಿಷದ ಕೆಲಸ.

ಮನೆಯಲ್ಲೂ ಸ್ಥೂಲವಾಗಿ ಪರೀಕ್ಷಿಸಬಹುದು. ಕನ್ನಡಕವನ್ನು ಕೈಯಳತೆಯ ದೂರದಲ್ಲಿ ಹಿಡಿದು ಒಂದು ಗಾಜಿನ ಮೂಲಕ ದೂರದ ಬಾಗಿಲಿನ ಚೌಕಟ್ಟು ನೋಡಿ. ಗಾಜನ್ನು ಎಡಬಲ ಆಡಿಸಿ. ಚೌಕಟ್ಟು ಗಾಜಿನ ಜೊತೆಗೇ ಸರಿದರೆ ಮೈನಸ್, ವಿರುದ್ಧ ದಿಕ್ಕಿಗೆ ಸರಿದರೆ ಪ್ಲಸ್. ಈಗ ಗಾಜನ್ನು ಚಕ್ರದಂತೆ ತಿರುಗಿಸಿ. ಚೌಕಟ್ಟಿನ ಗೆರೆ ಕತ್ತರಿಯಂತೆ ವಾಲಿದರೆ ಸಿಲಿಂಡರ್ ಇದೆ, ನೆಟ್ಟಗೆ ನಿಂತರೆ ಇಲ್ಲ. ಚೀಟಿಯಲ್ಲಿ ಒಂದೇ ಕಣ್ಣಿಗೆ ಸಿಲಿಂಡರ್ ಇದ್ದು ಅದು ಇನ್ನೊಂದು ಬದಿಯಲ್ಲಿ ಸಿಕ್ಕರೆ ಎಡಬಲ ಗಾಜು ಅದಲುಬದಲಾಗಿವೆ.

ಆಮೇಲೆ ಕನ್ನಡಕವನ್ನು ಸಮತಟ್ಟಾದ ಮೇಜಿನ ಮೇಲೆ ಕಡ್ಡಿ ಬಿಚ್ಚಿ ಬೋರಲಾಗಿ ಇಡಿ. ಅಲ್ಲಾಡದೆ ಕೂರಬೇಕು. ಅಲ್ಲಾಡಿದರೆ ಫ್ರೇಮು ತಿರುಚಿಕೊಂಡಿದೆ, ಅಂಗಡಿಯಲ್ಲೇ ಸರಿಮಾಡಿಕೊಡುತ್ತಾರೆ.

7. ಮೊದಲ ಎರಡು ವಾರ

ಹೊಸದಾಗಿ ಸಿಲಿಂಡರ್ ಬಂದವರಿಗೆ ನೆಲ ಇಳಿಜಾರಾಗಿ, ಬಾಗಿಲು ವಾಲಿದಂತೆ ಕಾಣುವುದು ಸಹಜ. ಬೆಳಿಗ್ಗೆ ಎದ್ದ ಕೂಡಲೇ ಹಾಕಿ, ಮಲಗುವವರೆಗೆ ತೆಗೆಯಬೇಡಿ. ಹಳೆಯದನ್ನೂ ಹೊಸದನ್ನೂ ಬದಲಿಸಿ ಬದಲಿಸಿ ಹಾಕಿದರೆ ಒಗ್ಗುವುದೇ ಇಲ್ಲ. ಒಂದು ವಾರದಲ್ಲಿ ಹೆಚ್ಚಿನವರಿಗೆ ಸರಿಹೋಗುತ್ತದೆ. ಎರಡು ವಾರ ಕಳೆದರೂ ತಲೆ ಸುತ್ತಿದರೆ ಮರಳಿ ಹೋಗಿ, ಈ ಕ್ರಮದಲ್ಲೇ ನೋಡಿಸಿ: ಮೊದಲು ಗಾಜಿನ ನಂಬರು ಚೀಟಿಯಂತಿದೆಯೇ, ಆಮೇಲೆ ಪಿಡಿ, ಆಮೇಲೆ ಫ್ರೇಮಿನ ಓರೆ. ಕಣ್ಣಿನ ಮರುಪರೀಕ್ಷೆ ಕೊನೆಗೆ. ಮೊದಲೇ ಮರುಪರೀಕ್ಷೆಗೆ ಕೂತರೆ ಅಳತೆಯ ತಪ್ಪು ಅಲ್ಲೇ ಉಳಿದು ನಂಬರು ಮಾತ್ರ ಬದಲಾಗುತ್ತದೆ.

ಮನೆಯ ಹಿರಿಯರು "ಈಗ ಕನ್ನಡಕವಿಲ್ಲದೆ ಪೇಪರ್ ಓದುತ್ತೇನೆ, ಕಣ್ಣು ಸುಧಾರಿಸಿತು" ಎಂದರೆ ಸಂತೋಷಪಟ್ಟು ಸುಮ್ಮನಾಗಬೇಡಿ. ಪೊರೆ ಬೆಳೆಯುವಾಗ ಮಸೂರದ ನಡುಭಾಗ ಗಟ್ಟಿಯಾಗಿ ಕಣ್ಣಿಗೆ ಮೈನಸ್ ಬರುತ್ತದೆ, ಹತ್ತಿರದ್ದು ತಾನಾಗಿ ಕಾಣತೊಡಗುತ್ತದೆ. ದೂರದ್ದು ಮಂಜಾಗಿರುತ್ತದೆ, ಅವರು ಗಮನಿಸಿರುವುದಿಲ್ಲ. ವೈದ್ಯರಿಗೆ ತೋರಿಸಿ.

8. ಮಳೆಗಾಲದ ಆರೈಕೆ

ಸೆರಗು, ಪಂಚೆ, ಅಂಗಿಯ ತುದಿಯಲ್ಲಿ ಒಣಗಾಜು ಒರೆಸುವುದೇ ಗೀರು ಬೀಳಲು ದೊಡ್ಡ ಕಾರಣ. ಮೊದಲು ನೀರು ಹಾಯಿಸಿ ಧೂಳು ಕಳೆಯಿರಿ. ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಹಚ್ಚಿ ಬೆರಳಲ್ಲಿ ಉಜ್ಜಿ, ತೊಳೆದು, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಿಸಿನೀರು ಬೇಡ. ಬಚ್ಚಲೊಲೆಯ ದಂಡೆ, ಅಡಿಕೆ ಬೇಯಿಸುವ ಒಲೆಯ ಹತ್ತಿರ, ಬಿಸಿಲಿಗೆ ನಿಂತ ಕಾರಿನ ಮುಂಭಾಗ, ಇಲ್ಲೆಲ್ಲ ಇಟ್ಟರೆ ಲೇಪನ ಬಿರುಕು ಬಿಟ್ಟು ಜೇಡರಬಲೆಯಂತೆ ಕಾಣತೊಡಗುತ್ತದೆ. ಆ ಮೇಲೆ ಅದಕ್ಕೆ ರಿಪೇರಿಯಿಲ್ಲ.

ಲೋಹದ ಫ್ರೇಮಿಗೆ ನಮ್ಮ ತೇವದಲ್ಲಿ ಮೂಗಿನ ಗುಂಡಿಯ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ವಾರಕ್ಕೊಮ್ಮೆ ಹಳೆಯ ಮೆತ್ತನೆ ಬ್ರಶ್ಶಿನಿಂದ ಸೋಪುನೀರಲ್ಲಿ ಉಜ್ಜಿ. ಗುಂಡಿ ಹಳದಿಯಾದರೆ ಬದಲಿಸಿ, ಖರ್ಚು ಕಡಿಮೆ. ಒದ್ದೆ ಕನ್ನಡಕವನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೂಸು ಹಿಡಿಯುತ್ತದೆ.

9. ಕಾಂಟ್ಯಾಕ್ಟ್ ಲೆನ್ಸ್

ಕನ್ನಡಕದ ಚೀಟಿ ತೋರಿಸಿ ಲೆನ್ಸ್ ಕೊಳ್ಳಲಾಗದು. ಕಾರ್ನಿಯಾದ ಬಾಗು ಅಳೆದು, ಅದಕ್ಕೆ ತಕ್ಕ ಬೇಸ್ ಕರ್ವ್ (ಲೆನ್ಸಿನ ಒಳಮೈಯ ಬಾಗು) ಮತ್ತು ವ್ಯಾಸ ನೋಡಿ, ಹಾಕಿಸಿ ಪರೀಕ್ಷಿಸಿಯೇ ಕೊಡಬೇಕು. 4.00ಕ್ಕಿಂತ ಹೆಚ್ಚಿನ ನಂಬರಿನಲ್ಲಿ ಪವರ್ ಕೂಡ ಬದಲಾಗುತ್ತದೆ, ಏಕೆಂದರೆ ಲೆನ್ಸ್ ಕೂರುವುದು ಕಣ್ಣಿನ ಮೇಲೆಯೇ, ಕನ್ನಡಕದಂತೆ ಸುಮಾರು 12 ಮಿಲಿಮೀಟರ್ ಮುಂದೆ ಅಲ್ಲ. ಕನ್ನಡಕದ −5.00 ಲೆನ್ಸಿನಲ್ಲಿ −4.75 ಆಗುತ್ತದೆ, −8.00 ಇದ್ದದ್ದು −7.25. ಮದುವೆಗೆಂದು ಬಣ್ಣದ ಲೆನ್ಸ್ ಹಾಕುವವರಿಗೂ ಇದೇ ಅಳತೆ ಬೇಕು, ಪವರ್ ಇಲ್ಲದಿದ್ದರೂ. ಗೆಳತಿಯರು ಹಂಚಿಕೊಂಡು ಹಾಕುವುದಂತೂ ಕೂಡದು.

ಹಾಕುವಾಗ: ಸೋಪಿನಲ್ಲಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಯಾವಾಗಲೂ ಬಲಗಣ್ಣಿನದನ್ನೇ ಮೊದಲು ತೆಗೆಯಿರಿ, ಅದಲುಬದಲಾಗದು. ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಅಂಚು ಬಟ್ಟಲಿನಂತೆ ನೆಟ್ಟಗೆ ನಿಂತಿದ್ದರೆ ಸರಿ, ಹೊರಕ್ಕೆ ಚಾಚಿದ್ದರೆ ಒಳಹೊರಗಾಗಿದೆ.

ತೆಗೆಯುವಾಗ: ಅಂಗೈಯಲ್ಲಿಟ್ಟು ಸೊಲ್ಯೂಷನ್ (ಲೆನ್ಸ್ ತೊಳೆದಿಡುವ ಕ್ರಿಮಿನಾಶಕ ದ್ರಾವಣ) ಹಾಕಿ ಎರಡೂ ಬದಿ ತಲಾ 20 ಸೆಕೆಂಡಾದರೂ ಮೆಲ್ಲನೆ ಉಜ್ಜಿ, ಮತ್ತೆ ಸೊಲ್ಯೂಷನ್‌ನಲ್ಲೇ ತೊಳೆದು ಡಬ್ಬಿಗೆ ಹಾಕಿ. ಡಬ್ಬಿಗೆ ದಿನವೂ ಹೊಸ ಸೊಲ್ಯೂಷನ್. ನಿನ್ನೆಯದರ ಮೇಲೆ ಸ್ವಲ್ಪ ಸುರಿದರೆ ಅದಕ್ಕೆ ಕ್ರಿಮಿ ಕೊಲ್ಲುವ ಶಕ್ತಿ ಉಳಿಯುವುದಿಲ್ಲ. ಸಲೈನ್ ಎಂದು ಬರೆದದ್ದು ಬರೀ ಉಪ್ಪುನೀರು, ಅದು ಕ್ರಿಮಿನಾಶಕವಲ್ಲ. ಲೆನ್ಸ್ ಹಾಕಿದ ಮೇಲೆ ಡಬ್ಬಿಯನ್ನು ಸೊಲ್ಯೂಷನ್‌ನಲ್ಲಿ ತೊಳೆದು, ಚೊಕ್ಕ ಟಿಶ್ಯೂ ಮೇಲೆ ಬೋರಲು ಹಾಕಿ. ಬಚ್ಚಲಲ್ಲಿ ಬೇಡ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಯಾವುದೂ ಒಣಗುವುದಿಲ್ಲ. ಗಾಳಿಯಾಡುವ ಕೋಣೆಯಲ್ಲಿಡಿ. ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಿ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಲೇಬಲ್‌ನಲ್ಲಿ ಹೇಳಿದ ಅವಧಿ, ಹೆಚ್ಚಿನವುಗಳಲ್ಲಿ ಮೂರು ತಿಂಗಳು, ಮುಗಿದರೆ ಉಳಿದಿದ್ದರೂ ಚೆಲ್ಲಿ.

ಎಲ್ಲಕ್ಕಿಂತ ದೊಡ್ಡ ನಿಯಮ: ಲೆನ್ಸಿಗೆ ನೀರು ತಾಗಬಾರದು. ನಲ್ಲಿ ನೀರಿರಲಿ, ಬಾವಿ ನೀರಿರಲಿ, ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಿರಲಿ, ಕುದಿಸಿ ಆರಿಸಿದ ನೀರೇ ಇರಲಿ. ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರುತ್ತದೆ. ಕುಡಿದರೆ ಅದರಿಂದ ತೊಂದರೆಯಿಲ್ಲ, ಲೆನ್ಸಿನ ಅಡಿ ಸೇರಿದರೆ ಅದು ಕಾರ್ನಿಯಾವನ್ನು ಕೊರೆಯುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ದೃಷ್ಟಿ ಹೋಗುವುದೂ ಉಂಟು. ಹೊಳೆಗೆ ಇಳಿಯುವ ಮುಂಚೆ, ಸ್ನಾನಕ್ಕೆ ಮುಂಚೆ ಲೆನ್ಸ್ ತೆಗೆಯಿರಿ. ಜೋಗದಂಥ ಕಡೆ ಹನಿ ಮುಖಕ್ಕೆ ರಾಚುವಾಗ, ಮಳೆಯಲ್ಲಿ ಬೈಕ್ ಓಡಿಸುವಾಗ ಕನ್ನಡಕವೇ ಲೇಸು. ಲೆನ್ಸ್ ಹಾಕಿಕೊಂಡು ನಿದ್ದೆ ಮಾಡಬೇಡಿ, ಬಸ್ಸಿನಲ್ಲಿ ಕೂಡ.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದುಬಿಡಿ, ಇನ್ನೊಂದು ಹಾಕಿ ನೋಡಬೇಡಿ. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಆಸ್ಪತ್ರೆಗೆ ಒಯ್ಯಿರಿ. ಯಾವ ಕ್ರಿಮಿ ಎಂದು ಪ್ರಯೋಗಾಲಯದಲ್ಲಿ ಅದರಿಂದಲೇ ಪತ್ತೆ ಮಾಡಬಹುದು.

10. ಕನ್ನಡಕದ ಅಂಗಡಿಗಲ್ಲ, ನೇರ ಆಸ್ಪತ್ರೆಗೆ

ಭತ್ತದ ಎಲೆ, ಅಡಿಕೆ ಸಿಪ್ಪೆ, ಕಡ್ಡಿ ತಾಗಿ ಕಣ್ಣು ಗೀರಿದರೆ ಅದನ್ನು ಸಣ್ಣದೆಂದು ಬಿಡಬೇಡಿ. ಗಿಡದ ವಸ್ತುವಿನಿಂದ ಆದ ಗಾಯಕ್ಕೆ ಶಿಲೀಂಧ್ರ ಸೇರಿ ಹುಣ್ಣಾಗುತ್ತದೆ. ಮೊದಲ ಕೆಲವು ದಿನ ಬರೀ ಕಿರಿಕಿರಿ, ಆಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಹರಳೆಣ್ಣೆ, ಎದೆಹಾಲು, ಜೇನು ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಮೆಡಿಕಲ್ ಅಂಗಡಿಯಿಂದ ಹನಿ ತಂದು ಹಾಕುವುದು ಇನ್ನೂ ಅಪಾಯ. ಲೇಬಲ್‌ನಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಕೆಂಪು ಬೇಗ ಇಳಿಯುತ್ತದೆ, ಒಳಗೆ ಹುಣ್ಣು ಹಬ್ಬುತ್ತದೆ. ಹಳೆಯ ಬಾಟಲಿಯಲ್ಲಿ ಉಳಿದದ್ದೂ ಬೇಡ.

ದೃಷ್ಟಿ ಥಟ್ಟನೆ ಹೋದರೆ, ಮಿಂಚಿನಂಥ ಬೆಳಕು ಅಥವಾ ಪರದೆ ಇಳಿದಂತೆ ಕಂಡರೆ ಅದೇ ದಿನ ಹೋಗಿ.

ಸುಣ್ಣದ ಮಾತು ಬೇರೆಯೇ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ 1 ಶೇಕಡಾ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಇರುತ್ತದೆ. ಕಲಸುವಾಗ ಸುಣ್ಣ ಸಿಡಿಯುತ್ತದೆ, ಹೊಡೆಯುವಾಗ ಅಡಿಕೆ ಗೊನೆಯತ್ತ ಕತ್ತೆತ್ತಿದವರ ಕಣ್ಣಿಗೆ ಹನಿ ಬೀಳುತ್ತದೆ. ಎಲೆಅಡಿಕೆಯ ಸುಣ್ಣದ ಟ್ಯೂಬು ಹಿಚುಕಿ ಕಣ್ಣಿಗೆ ಸಿಡಿಸಿಕೊಳ್ಳುವ ಮಕ್ಕಳೂ ಇದ್ದಾರೆ, ಅದನ್ನು ಕೈಗೆ ಸಿಗದಲ್ಲಿಡಿ. ಮದ್ದು ಹೊಡೆಯುವವರಿಗೆ ಪಕ್ಕವೂ ಮುಚ್ಚಿರುವ ಗಾಗಲ್ ಬೇಕು. ಮಾಮೂಲಿ ಕನ್ನಡಕದ ಬದಿಯಿಂದ ಹನಿ ಒಳಗಿಳಿಯುತ್ತದೆ.

ಸುಣ್ಣ ಬಿದ್ದರೆ ಆಸ್ಪತ್ರೆಗೆ ಓಡುವುದಕ್ಕೂ ಮುಂಚೆ ತೊಳೆಯಬೇಕು, ಅದೇ ಕ್ಷಣ. ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೆ ವಾಲಿಸಿ, ರೆಪ್ಪೆ ಬಿಡಿಸಿ ಹಿಡಿದು, ಕೈಗೆ ಸಿಕ್ಕ ಚೊಕ್ಕ ನೀರನ್ನು ಚೊಂಬಿನಿಂದ ಕನಿಷ್ಠ 30 ನಿಮಿಷ ಎಡೆಬಿಡದೆ ಸುರಿಯಿರಿ. ಲೆನ್ಸ್ ಇದ್ದು ಸುಲಭಕ್ಕೆ ಬಂದರೆ ತೆಗೆದುಬಿಡಿ, ಬರದಿದ್ದರೆ ಅದಕ್ಕೆಂದು ಕಾಯದೆ ತೊಳೆಯುತ್ತಲೇ ಇರಿ. ಸುಣ್ಣದ ಹರಳು ರೆಪ್ಪೆಯ ಅಡಿ ಕೂತು ಸುಡುತ್ತಲೇ ಇರುತ್ತದೆ. ಕೆಳರೆಪ್ಪೆ ಎಳೆದು, ಮೇಲ್ರೆಪ್ಪೆ ಮಗುಚಿ, ಕಂಡ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆದು ಮತ್ತೆ ತೊಳೆಯಿರಿ. ನಿಂಬೆರಸ, ಮಜ್ಜಿಗೆ, ಎಣ್ಣೆ ಹಾಕಬೇಡಿ. ಆಮೇಲೆ ಕಣ್ಣನ್ನು ಬಿಗಿಯಾಗಿ ಕಟ್ಟದೆ ನೇತ್ರವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು ಬಾಟಲಿ ನೀರು ಜೊತೆಗಿರಲಿ, ದಾರಿಯಲ್ಲೂ ತೊಳೆಯುತ್ತಿರಬೇಕು.